ಸಾವಿನ ಹಕ್ಕಿನ ಬಗ್ಗೆ ಮಠ, ಚರ್ಚು, ಮಸೀದಿಗಳೂ ಮಾತಾಡ್ಲಿ

ಸಂಪಾದಕರಿಗೆ ನಮಸ್ಕಾರ,

ಘನತೆಯಿಂದ ಸಾಯೋ ಹಕ್ಕಿನ ಬಗ್ಗೆ ಕೋರ್ಟು ಹೇಳಾಯ್ತು, ಸರ್ಕಾರನೂ ಹೇಳಾಯ್ತು, ಆದ್ರೆ ಮಲೆನಾಡಲ್ಲಿ ಜನ ಯಾರ ಮಾತಿಗೆ ತಲೆಬಾಗ್ತಾರೋ ಆ ಸ್ವಾಮೀಜಿಗಳು, ಫಾದರ್‌ಗಳು, ಮೌಲ್ವಿಗಳು ಇದರ ಬಗ್ಗೆ ಒಂದು ಮಾತಾಡಿದ್ದು ನಾನಂತೂ ಕೇಳಿಲ್ಲ.

ಅಮೆರಿಕದ ಯುನಿಟೇರಿಯನ್ ಯೂನಿವರ್ಸಲಿಸ್ಟ್ ಅನ್ನೋ ಧಾರ್ಮಿಕ ಸಂಘ 1988ರಲ್ಲೇ ಘನತೆಯ ಸಾವಿನ ಹಕ್ಕಿನ ಪರ ನಿರ್ಣಯ ಮಾಡಿತ್ತು, ಒರೆಗಾನ್ ರಾಜ್ಯದ ಜನ ಇದಕ್ಕೆ ವೋಟು ಹಾಕಿದ್ದು ಆಮೇಲೆ, 1994ರಲ್ಲಿ. ಅಲ್ಲಿ ಇನ್ನು ಆರು ತಿಂಗಳೂ ಬದುಕಲ್ಲ ಅಂತ ಇಬ್ಬರು ಡಾಕ್ಟರ್ ಹೇಳಿದ್ರೆ ರೋಗಿ ತಾನೇ ಕೇಳಿ ಸಾವು ತರೋ ಔಷಧಿ ತಗೋಬಹುದು. ಕ್ಯಾಥೊಲಿಕ್ ಚರ್ಚು ಇವತ್ತಿಗೂ ಇದನ್ನ ಒಪ್ಪಲ್ಲ. ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಚರ್ಚಿನ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಮಾತ್ರ 2016ರಲ್ಲಿ, 85ನೇ ವಯಸ್ಸಲ್ಲಿ, ತನಗೂ ಆ ಆಯ್ಕೆ ಇರ್ಬೇಕು ಅಂತ ಬಹಿರಂಗವಾಗಿ ಬರೆದ್ರು. ಒಪ್ಪಲಿ ಬಿಡಲಿ, ಅಲ್ಲಿನ ಧರ್ಮದವರು ಬಾಯಿ ಬಿಟ್ಟು ಮಾತಾಡ್ತಾರೆ.

ನಮ್ಮಲ್ಲಿ ಹಾಗೆ ಔಷಧಿ ಕೊಡೋದು ಅಪರಾಧ. ಆದ್ರೆ ವಾಸಿಯಾಗದ ಸ್ಥಿತಿಗೆ ಬಂದ್ಮೇಲೆ ವೆಂಟಿಲೇಟರ್ ಬೇಡ ಅನ್ನೋ ಹಕ್ಕನ್ನ ಸುಪ್ರೀಂ ಕೋರ್ಟು 2018ರಲ್ಲೇ ಕೊಟ್ಟಿದೆ, 2023ರಲ್ಲಿ ನಿಯಮ ಇನ್ನೂ ಸುಲಭ ಮಾಡಿದೆ, 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರದ ಆದೇಶನೂ ಬಂದಿದೆ. ಇದಕ್ಕಾಗಿ ವರ್ಷಾನುಗಟ್ಟಲೆ ಓಡಾಡಿದವರು ಪಕ್ಕದ ದಾವಣಗೆರೆಯ ನಿವೃತ್ತ ಟೀಚರ್ ಕರಿಬಸಮ್ಮನವರು. ಘಟ್ಟ ಇಳಿದ್ರೆ ಸಿಗೋ ಹಳದೀಪುರದ ಹೆಣ್ಮಗಳು, ನರ್ಸ್ ಅರುಣಾ ಶಾನಭಾಗ್ ಮಿದುಳಿಗೆ ಪೆಟ್ಟಾಗಿ 1973ರಿಂದ 2015ರ ತನಕ ಮುಂಬೈ ಆಸ್ಪತ್ರೆಯಲ್ಲಿ ಮಲಗಿದ್ದಲ್ಲೇ ಇದ್ದದ್ದನ್ನ ನಾವು ಇಷ್ಟು ಬೇಗ ಮರೀಬಾರ್ದು.

ನಮ್ಮ ದೊಡ್ಡಮ್ಮ ದಿನಾ ಸಂಜೆ ದೀಪ ಹಚ್ಚಿ 'ಅನಾಯಾಸೇನ ಮರಣಂ' ಅಂತ ಕೈ ಮುಗೀತಿದ್ರು. ಕ್ಯಾನ್ಸರ್ ಮೈಯೆಲ್ಲಾ ಹಬ್ಬಿ ಐಸಿಯು ಸೇರಿದ್ಮೇಲೆ ಟ್ಯೂಬ್ ಕಿತ್ಕೊಳ್ತಾರೆ ಅಂತ ಎರಡೂ ಕೈನ ಬ್ಯಾಂಡೇಜ್ ಬಟ್ಟೆಲಿ ಮಂಚಕ್ಕೆ ಕಟ್ಟಿದ್ರು. ಹೊರಗೆ ಮಕ್ಕಳಿಬ್ರೂ ಚಿಕಿತ್ಸೆ ನಿಲ್ಲಿಸೋ ಒಪ್ಪಿಗೆ ಫಾರ್ಮ್ ಹಿಡ್ಕೊಂಡು ನಿಂತಿದಾರೆ, ಸೈನ್ ಹಾಕೋಕೆ ಯಾರಿಗೂ ಕೈ ಬರ್ತಿಲ್ಲ, ಹೆತ್ತವಳನ್ನ ಕೈಯಾರೆ ಕೊಂದ ಪಾಪ ಸುತ್ಕೊಳ್ಳುತ್ತೆ ಅನ್ನೋ ಭಯ ಒಂದು ಕಡೆ, ಊರಲ್ಲಿ ನಾಲ್ಕು ಜನ ಏನಂತಾರೋ ಅನ್ನೋದು ಇನ್ನೊಂದು ಕಡೆ. ಆ ಭಯ ಕಳೆಯೋಕೆ ವಕೀಲರಿಂದಾಗಲ್ಲ, ಡಾಕ್ಟರಿಂದಾನೂ ಆಗಲ್ಲ. ಪಾಪದ ಮಾತನ್ನ ಗುರುಗಳ ಬಾಯಲ್ಲೇ ಕೇಳ್ಬೇಕು.

ನಮ್ಮ ಜಿಲ್ಲೆಗೆ ಈ ಮಾತು ಹೊಸದೇನಲ್ಲ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಜೈನ ಮಠ ಇದೆ, ಅನ್ನ ನೀರು ಬಿಟ್ಟು ಸಾವನ್ನ ಎದುರುಗೊಳ್ಳೋ ಅವರ ಸಲ್ಲೇಖನ ವ್ರತವನ್ನ ರಾಜಸ್ಥಾನ ಹೈಕೋರ್ಟು 2015ರಲ್ಲಿ ಆತ್ಮಹತ್ಯೆ ಅಂದಾಗ ಜೈನರೆಲ್ಲ ಎದ್ದು ನಿಂತ್ರು, ಸುಪ್ರೀಂ ಕೋರ್ಟು ಅದೇ ತಿಂಗಳು ತಡೆ ಕೊಟ್ಟಿತು. ವ್ರತ ಬೇರೆ, ವೆಂಟಿಲೇಟರ್ ತೆಗೆಯೋದು ಬೇರೆ, ಗೊತ್ತಿದೆ. ಸಾವನ್ನ ಹೇಗೆ ಎದುರುಗೊಳ್ಳಬೇಕು ಅಂತ ಒಂದು ಧರ್ಮ ಹೀಗೆ ಧೈರ್ಯವಾಗಿ ಮಾತಾಡಬಹುದಾದ್ರೆ ಉಳಿದವರಿಗೇನು ಅಡ್ಡಿ?

ಆಸ್ತಿಗೋಸ್ಕರ ಮುದುಕರನ್ನ ಬೇಗ ಸಾಗಹಾಕ್ತಾರೆ ಅನ್ನೋ ಆತಂಕ ನನಗೂ ಇದೆ, ಅಂಥ ಮನೆಗಳನ್ನ ನೋಡೂ ಇದೀನಿ. ಅದಕ್ಕೇ ಇದು ಮುಚ್ಚಿಟ್ಟು ಆಗೋದು ಬೇಡ, ಎಲ್ಲರೆದುರು ಮಾತಾಗ್ಲಿ. ಔಷಧಿ ಕೊಡೋ ಕಾನೂನು ಬೇಕಾ ಬೇಡ್ವಾ ಅನ್ನೋದನ್ನೂ ಎಲ್ಲಾ ಧರ್ಮದ ಹಿರಿಯರು ಕೂತು ಚರ್ಚೆ ಮಾಡ್ಲಿ, ನನ್ನ ಮಟ್ಟಿಗೆ ಬೇಕು. ಅಲ್ಲೀತನಕ ಮಠಗಳಲ್ಲಿ ಕಣ್ಣಿನ ಶಿಬಿರ, ರಕ್ತದಾನ ಶಿಬಿರ ಮಾಡ್ತಾರಲ್ಲ, ಹಾಗೇ ಲಿವಿಂಗ್ ವಿಲ್, ಅಂದ್ರೆ ವಾಸಿಯಾಗದ ಸ್ಥಿತಿ ಬಂದ್ರೆ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಪತ್ರ, ಅದನ್ನ ಬರೆಸೋ ಶಿಬಿರನೂ ಮಾಡಿ. ಬೇಕಿರೋದು ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಸೈನು, ನಮ್ಮ ಪರವಾಗಿ ತೀರ್ಮಾನ ತಗೊಳ್ಳೋರ ಹೆಸರು. ಮೊದಲ ವಿಲ್ಲನ್ನ ಗುರುಗಳೇ ಬರೆದು ಭಕ್ತರಿಗೆ ತೋರಿಸ್ಲಿ.

— ಓದುಗ, ತೀರ್ಥಹಳ್ಳಿ