ತಟ್ಟೆ ಬದಲಿಸುವ ಮೊದಲು ಮಾತ್ರೆ ನೋಡು

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಓದಿದೆ. ಉಂಡ ಮೇಲೆ ಶುಗರ್ ಏರಿ ತೂಕಡಿಕೆ, ಮುಂದಿನ ಊಟ ತಡವಾದರೆ ಬೆವರು, ಕೈ ನಡುಕ. ಈ ಏರಿಳಿತ ನಿನಗೆ ಸಾಕಾಗಿದೆ. ಅದಕ್ಕೇ ಸೋಮವಾರದಿಂದ ಅನ್ನ, ಬ್ರೆಡ್ಡು, ಆಲೂಗಡ್ಡೆ ಎಲ್ಲಾ ಬಂದ್ ಅಂತ ಬರೆದಿದ್ದೀಯ. ನಾನು ಬೇಡ ಅನ್ನುವುದಿಲ್ಲ. ಉಂಡ ಮೇಲೆ ಶುಗರ್ ಏರಿಸುವುದು ಮುಖ್ಯವಾಗಿ ಪಿಷ್ಟ ಮತ್ತು ಸಕ್ಕರೆ. ಅವು ಕಡಿಮೆಯಾದರೆ ಏರುವುದೂ ಕಡಿಮೆಯಾಗುತ್ತದೆ. ಆದರೆ ಸೋಮವಾರ ಬರುವ ಮೊದಲು ಡಾಕ್ಟರ ಹತ್ತಿರ ಮಾತಾಡು.

ಯಾಕೆ ಗೊತ್ತಾ? ನಿನ್ನ ಮಾತ್ರೆ ಈಗಿನ ಊಟಕ್ಕೆ ಹೊಂದಿಸಿ ಕೊಟ್ಟದ್ದು. ಊಟ ಅರ್ಧ ಮಾಡಿ ಮಾತ್ರೆ ಮಾತ್ರ ಅಷ್ಟೇ ನುಂಗಿದರೆ ಶುಗರ್ ಪಾತಾಳಕ್ಕಿಳಿಯಬಹುದು. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರಿಗೆ ಈ ಭಯ ಜಾಸ್ತಿ. ಮೆಟ್‌ಫಾರ್ಮಿನ್ ಒಂದೇ ಆದರೆ ಅಷ್ಟಿಲ್ಲ. ಇನ್ನು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮಾತ್ರೆಗಳಿವೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಂಥವು. ಇವನ್ನು ತೆಗೆದುಕೊಳ್ಳುತ್ತಾ ಪಿಷ್ಟ ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ಮೀಟರಿನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದೆಯೂ ಹೀಗಾಗಬಹುದು, ಮೋಸ ಇರುವುದು ಅಲ್ಲೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕಾಯಬೇಡ, ಆಸ್ಪತ್ರೆಗೆ ಹೋಗು. ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳು. ಪಿಷ್ಟ ಬಿಟ್ಟ ಮೊದಲ ದಿನಗಳಲ್ಲಿ ದೇಹ ಉಪ್ಪು, ನೀರು ಕಳೆದುಕೊಳ್ಳುತ್ತದೆ, ಬಿಪಿ ಇಳಿದು ತಲೆ ಸುತ್ತಬಹುದು. ತೂಕ ಒಮ್ಮೆಲೇ ಇಳಿದದ್ದು ನೋಡಿ ಹಿಗ್ಗಬೇಡ, ಅದರಲ್ಲಿ ಬಹುಪಾಲು ನೀರೇ.

ಎಷ್ಟು ಇಳಿಸಬೇಕು? ಸಾಮಾನ್ಯವಾಗಿ ಪಿಷ್ಟ, ಸಕ್ಕರೆ ಎರಡೂ ಸೇರಿ ದಿನಕ್ಕೆ 130 ಗ್ರಾಂ ಒಳಗಿದ್ದರೆ ಕಡಿಮೆ ಪಿಷ್ಟದ ಊಟ ಅನ್ನುತ್ತಾರೆ. ಕೀಟೋ ಅನ್ನುವ ಇನ್ನೂ ಬಿಗಿಯಾದ ಪಥ್ಯದಲ್ಲಿ 20ರಿಂದ 50 ಗ್ರಾಂ. ಒಂದು ಕಪ್ ಅನ್ನದಲ್ಲೇ ಸುಮಾರು 45 ಗ್ರಾಂ ಇರುತ್ತದೆ, ಒಂದು ತುಂಡು ಬ್ರೆಡ್ಡಿನಲ್ಲಿ ಹತ್ತಿರಹತ್ತಿರ 15. ನೀನು ನೇರವಾಗಿ ಕೀಟೋಗೆ ಹಾರುವುದು ನನಗೆ ಇಷ್ಟವಿಲ್ಲ. ಯಾವ ಊಟ ಶುಗರನ್ನು ಜಾಸ್ತಿ ಏರಿಸುತ್ತದೋ ಅದೊಂದರಲ್ಲೇ ಪಿಷ್ಟ ಅರ್ಧ ಮಾಡು. ಅದು ಯಾವುದು ಅಂತ ಹೇಳುವುದು ಮೀಟರ್. ಊಟಕ್ಕೆ ಮೊದಲೊಮ್ಮೆ, ಶುರುಮಾಡಿ ಎರಡು ಗಂಟೆಗೆ ಇನ್ನೊಮ್ಮೆ ನೋಡಿ, ಏನು ತಿಂದೆ ಅಂತ ಪಕ್ಕದಲ್ಲೇ ಬರೆದಿಡು. ಸುಮ್ನೆ ಒಂದೊಂದು ಸಲ ನೋಡಿದರೆ ಏನೂ ತಿಳಿಯುವುದಿಲ್ಲ.

ನಿನ್ನ ಎಚ್‌ಬಿಎ1ಸಿ ಚೆನ್ನಾಗಿದೆಯಂತೆ, ಸಂತೋಷ. ಆದರೆ ಆ ರಕ್ತಪರೀಕ್ಷೆ ತೋರಿಸುವುದು ಎರಡು ಮೂರು ತಿಂಗಳ ಶುಗರಿನ ಸರಾಸರಿ. 60ಕ್ಕೆ ಇಳಿದು 240ಕ್ಕೆ ಹತ್ತಿದರೂ ಸರಾಸರಿ 150 ಅಲ್ವಾ? ಏರಿಳಿತ ಅದರಲ್ಲಿ ಕಾಣುವುದಿಲ್ಲ.

ಕೈ ನಡುಗಿದಾಗ ಮೊದಲು ಮೀಟರ್ ನೋಡು. ಬಹಳ ದಿನ ಶುಗರ್ ಏರಿದ್ದವರಿಗೆ ಅದು ಮಾಮೂಲಿ ಮಟ್ಟಕ್ಕೆ ಇಳಿದಾಗಲೂ ನಡುಕ ಬರಬಹುದು. 70ಕ್ಕಿಂತ ಕೆಳಗಿದ್ದರೆ ಮಾತ್ರ ನಿಜವಾದ ಲೋ ಶುಗರ್. ಆಗ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡು. ಏರದಿದ್ದರೆ ಇನ್ನೊಮ್ಮೆ ತಿನ್ನು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. ಪಥ್ಯ ಅಂತ ಆ ಹೊತ್ತಿನಲ್ಲಿ ಸಕ್ಕರೆಗೆ ಹಿಂಜರಿಯಬೇಡ ಮಾರಾಯ್ತಿ! ಮೀಟರ್ ಕೈಗೆ ಸಿಗದಿದ್ದರೆ ಅನುಮಾನ ಮಾಡುತ್ತಾ ಕೂರದೆ ತಿಂದುಬಿಡು.

ತಟ್ಟೆಯ ವಿಷಯಕ್ಕೆ ಬಂದರೆ, ಮೊದಲು ಹೋಗಬೇಕಾದ್ದು ಹಣ್ಣಿನ ರಸ, ಸಿಹಿ ಪಾನೀಯ. ಜೇನುತುಪ್ಪ ಸಕ್ಕರೆಗಿಂತ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗು. ಖಾಲಿಯಾದ ಜಾಗಕ್ಕೆ ಸೊಪ್ಪು, ತರಕಾರಿ, ಮೊಟ್ಟೆ, ಮೀನು, ಬೀಜಗಳು ಬರಲಿ. ಬೇಳೆಕಾಳಿನಲ್ಲಿ ಪ್ರೋಟೀನು, ನಾರು ಇದ್ದರೂ ಪಿಷ್ಟವೂ ಇದೆ, ಲೆಕ್ಕದಲ್ಲಿಟ್ಟುಕೋ. ಪಿಷ್ಟದ ಜೊತೆ ಕೊಬ್ಬನ್ನೂ ಬಿಟ್ಟರೆ ಹಸಿವು ತಡೆಯಲಾಗದೆ ವಾರದೊಳಗೆ ಬಿಸ್ಕತ್ತಿನ ಡಬ್ಬಿ ಹುಡುಕುತ್ತೀಯ. ತರಕಾರಿ, ಮೊಟ್ಟೆ ಮೊದಲು ತಿಂದು ಅನ್ನ ಕೊನೆಗಿಟ್ಟುಕೊಂಡರೂ ಏರಿಕೆ ತಗ್ಗುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಇನ್ನೂ ಒಳ್ಳೆಯದು.

ಈ ಪಥ್ಯದ ಲಾಭ ಮೊದಲ ಆರು ತಿಂಗಳಲ್ಲಿ ಚೆನ್ನಾಗಿ ಕಾಣುತ್ತದೆ. ವರ್ಷ ಕಳೆಯುವಷ್ಟರಲ್ಲಿ ಬೇರೆ ಪಥ್ಯಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಕಿರಿದಾಗುತ್ತದೆ. ಬಿಗಿಯಾದ ಪಥ್ಯವನ್ನು ಬಹಳ ಜನ ವರ್ಷಗಟ್ಟಲೆ ಹಿಡಿಯಲಾರರು. ನಾನು ಅರ್ಧ ಮಾಡು ಅಂದದ್ದು ಅದಕ್ಕೇ.

ನಿನ್ನ ಮಾತ್ರೆಗಳ ಹೆಸರು ನೀನು ಬರೆದೇ ಇಲ್ಲ. ಚೀಟಿಯ ಫೋಟೋ ಕಳಿಸು. ಡಾಕ್ಟರಿಗೆ ಏನೇನು ಕೇಳಬೇಕು ಅಂತ ಇಬ್ಬರೂ ಕೂತು ಬರೆಯೋಣ.

ಇಂತಿ,
ನಿನ್ನ ದೊಡ್ಡಮ್ಮ