ವಿಡಿಯೊ ಹಾಕುವ ಮುನ್ನ ಮಕ್ಕಳಿಗೊಂದು ಕೆಲಸ ಕೊಡು

ಚಿ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ವಿಡಿಯೊ ಹಾಕಿದರೆ ಇಡೀ ತರಗತಿ ತುಟಿಪಿಟಕ್ಕೆನ್ನದೆ ನೋಡುತ್ತದೆ, "ಅರ್ಥ ಆಯ್ತಾ?" ಎಂದರೆ "ಆಯ್ತು ಮಿಸ್" ಎಂದು ಒಕ್ಕೊರಲಲ್ಲಿ ಉತ್ತರ ಬರುತ್ತದೆ, ಎರಡು ದಿನ ಬಿಟ್ಟು ಅದನ್ನೇ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ ಎಂದು ಬರೆದಿದ್ದೀಯ. ಮಕ್ಕಳ ಮೇಲೆ ಬೇಸರ ಮಾಡಿಕೊಳ್ಳಬೇಡ ಪುಟ್ಟಿ. ಆ "ಆಯ್ತು ಮಿಸ್" ಸುಳ್ಳಲ್ಲ. ಅರ್ಥವಾಯಿತು ಎಂದೇ ಅವರಿಗೆ ಅನ್ನಿಸಿರುತ್ತದೆ. ತೊಂದರೆ ಇರುವುದೇ ಆ ಅನ್ನಿಸಿಕೆಯಲ್ಲಿ.

ಇದು ದೊಡ್ಡವರಿಗೂ ಆಗುತ್ತದೆ. ಶಾನಾ ಕಾರ್ಪೆಂಟರ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಕ್ಯಾಲಿಕೊ ಬೆಕ್ಕುಗಳು, ಅಂದರೆ ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣವಿರುವ ಬೆಕ್ಕುಗಳು, ಹೆಚ್ಚುಕಮ್ಮಿ ಎಲ್ಲವೂ ಹೆಣ್ಣೇ ಆಗಿರುವುದು ಏಕೆ ಎಂಬ ಪುಟ್ಟ ಪಾಠ. ಒಂದು ವಿಡಿಯೊದಲ್ಲಿ ಪಾಠ ಹೇಳುವವರು ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಸರಾಗವಾಗಿ ಹೇಳುತ್ತಾರೆ. ಇನ್ನೊಂದರಲ್ಲಿ ಅದೇ ಮಾತುಗಳನ್ನು ತಡವರಿಸುತ್ತ, ಚೀಟಿ ನೋಡಿಕೊಂಡು ಓದುತ್ತಾರೆ. ಮೊದಲನೆಯದನ್ನು ನೋಡಿದ ವಿದ್ಯಾರ್ಥಿಗಳು ತಾವು ಬಹಳ ಕಲಿತೆವು ಎಂದುಕೊಂಡರು. ಪರೀಕ್ಷೆ ಮಾಡಿದರೆ ಎರಡೂ ಗುಂಪಿನವರಿಗೆ ನೆನಪಿದ್ದದ್ದು ಸುಮಾರು ಅಷ್ಟಕ್ಕಷ್ಟೇ. ಹೇಳುವವರ ಸರಾಗವನ್ನು ಕೇಳುವವರು ತಮ್ಮ ತಿಳಿವಳಿಕೆ ಎಂದು ಭ್ರಮಿಸಿದ್ದರು. ವಿಡಿಯೊ ಚೆನ್ನಾಗಿದ್ದಷ್ಟೂ ಈ ಅಪಾಯ ಜಾಸ್ತಿ. ಅದಕ್ಕೂ ಬಹಳ ಮೊದಲು, 1984ರಲ್ಲೇ, ಗೇವ್ರಿಯೆಲ್ ಸಾಲೊಮನ್ ಎಂಬ ಸಂಶೋಧಕರು ಮಕ್ಕಳಲ್ಲಿ ಇದರ ಬೇರು ಹುಡುಕಿದ್ದರು: ಟಿವಿ ಸುಲಭ, ಪುಸ್ತಕ ಕಷ್ಟ ಎಂದು ಮಕ್ಕಳು ಮೊದಲೇ ನಿರ್ಧರಿಸಿಬಿಟ್ಟಿರುತ್ತಾರೆ. ಸುಲಭ ಅಂದುಕೊಂಡದ್ದಕ್ಕೆ ತಲೆ ಕೊಡುವುದಿಲ್ಲ, ತಲೆ ಕೊಡದ ಮೇಲೆ ಒಳಗೆ ಇಳಿಯುವುದೂ ಕಡಿಮೆ.

ಹಾಗಾಗಿ ನಿನಗೆ ನಾನು ಹೇಳುವುದು ಒಂದೇ. ಒಳ್ಳೆಯ ವಿಡಿಯೊ ಹುಡುಕುವುದಕ್ಕೆ ರಾತ್ರಿಯೆಲ್ಲ ಕೂರಬೇಡ. ಆ ಹೊತ್ತಿನಲ್ಲಿ ಅರ್ಧವನ್ನಾದರೂ, ಅದನ್ನು ನೋಡುವಾಗ ಮಕ್ಕಳು ಏನು ಮಾಡುತ್ತಾರೆ ಎಂದು ಯೋಚಿಸುವುದಕ್ಕೆ ಕೊಡು.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟರು. ಆ ದೃಶ್ಯ ನಿನಗೆ ಸುಲಭವಾಗಿ ಸಿಗುತ್ತದೆ, ಒಂದು ನಿಮಿಷವೂ ಇಲ್ಲ. ಹಾಗೇ ಹಾಕಿಬಿಟ್ಟರೆ ಮಕ್ಕಳು "ಓ!" ಎಂದು ಉದ್ಗರಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ನೀನು ಹಾಗೆ ಮಾಡಬೇಡ. ಸ್ಕಾಟ್ ಎರಡೂ ಕೈ ಚಾಚಿ ನಿಂತಿರುವಲ್ಲಿಗೆ ಬಂದಾಗ ತೆರೆಯನ್ನು ನಿಲ್ಲಿಸು. ಧ್ವನಿಯನ್ನು ಮೊದಲೇ ಮುಚ್ಚಿರು, ಏಕೆಂದರೆ ಮುಂದೇನಾಗಬಹುದು ಎಂದು ಸ್ಕಾಟ್ ಅವರೇ ಹೇಳಿಬಿಡುತ್ತಾರೆ. ಈಗ ಪ್ರತಿಯೊಂದು ಮಗುವೂ ಪುಸ್ತಕದಲ್ಲಿ ಎರಡು ಸಾಲು ಬರೆಯಲಿ: ಯಾವುದು ಮೊದಲು ಬೀಳುತ್ತದೆ, ಏಕೆ. ಕೈ ಎತ್ತಿಸಿ ಕೇಳಿದರೆ ಸಾಲದು. ಮುಂದಿನ ಬೆಂಚಿನ ಜಾಣನ ಕೈ ನೋಡಿ ಉಳಿದ ಕೈಗಳೂ ಏಳುತ್ತವೆ. ಬರೆದದ್ದು ಮಾತ್ರ ಅವರವರದ್ದೇ ಆಗಿರುತ್ತದೆ.

"ಏಕೆ" ಎಂಬ ಆ ಎರಡನೆಯ ಸಾಲು ಬಿಡಲೇಬೇಡ. ಕೆಲವರು ಸುತ್ತಿಗೆ ಎನ್ನುತ್ತಾರೆ. ಕೆಲವರು ಎರಡೂ ತೇಲಿಕೊಂಡಿರುತ್ತವೆ ಎನ್ನುತ್ತಾರೆ. "ಎರಡೂ ಒಟ್ಟಿಗೆ" ಎಂದು ಬರೆದ ಮಗುವಿನ ಕಾರಣ ಓದು, "ಚಂದ್ರನಲ್ಲಿ ಗುರುತ್ವಾಕರ್ಷಣೆ ಇಲ್ಲವಲ್ಲ" ಎಂದಿರಬಹುದು! ಉತ್ತರ ಸರಿ, ಕಾರಣ ತಲೆಕೆಳಗು. ಗುರುತ್ವವೇ ಇಲ್ಲದಿದ್ದರೆ ಬೀಳುವ ಮಾತೆಲ್ಲಿ? ಬರೀ ಉತ್ತರಕ್ಕೆ ಸರಿ ಗುರುತು ಹಾಕಿ ಮುಂದೆ ಹೋದರೆ ಈ ಮಗು ಅದೇ ತಪ್ಪು ಕಲ್ಪನೆಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು ಮನೆಗೆ ಹೋಗುತ್ತದೆ.

ಆಮೇಲೆ ಬಿಡು, ಬೀಳಲಿ. ಬಿದ್ದ ತಕ್ಷಣ ವಿವರಣೆಗೆ ಹೊರಡಬೇಡ. "ಏನು ನೋಡಿದಿರಿ?" ಎಂದಷ್ಟೇ ಕೇಳಿ ಬರೆಸು. ಇದು ಅನಗತ್ಯ ಎನ್ನಿಸಬಹುದು, ಎಲ್ಲರೂ ನೋಡಿದ್ದು ಅದನ್ನೇ ತಾನೆ ಎಂದು. ಅಲ್ಲ. ಹಾರ್ವರ್ಡಿನ ಎರಿಕ್ ಮಜೂರ್ ಅವರ ತಂಡ 2013ರಲ್ಲಿ ತೋರಿಸಿದ ಹಾಗೆ, ಭೌತಶಾಸ್ತ್ರದ ಪ್ರಾತ್ಯಕ್ಷಿಕೆ ನೋಡಿದ ವಿದ್ಯಾರ್ಥಿಗಳ ಗಮನಿಕೆಗಳಲ್ಲಿ ಸುಮಾರು ಐದಕ್ಕೆ ಒಂದು, ನಿಜವಾಗಿ ಆದದ್ದಕ್ಕೆ ಹೊಂದುತ್ತಿರಲಿಲ್ಲ. ಕಣ್ಣೆದುರು ಆದದ್ದನ್ನೂ ನಾವು ನಮ್ಮ ನಂಬಿಕೆಗೆ ತಕ್ಕಂತೆ ತಿದ್ದಿಕೊಂಡು ನೋಡುತ್ತೇವೆ. ಭಿನ್ನವಾಗಿ ಬರೆದವರಿದ್ದರೆ ಬೈಯದೆ ಮತ್ತೊಮ್ಮೆ ಹಾಕು. ವಿಡಿಯೊಗೆ ಇರುವ ದೊಡ್ಡ ಗುಣವೇ ಅದು, ಎಷ್ಟು ಸಲ ಬೇಕಾದರೂ ಅದೇ ಗರಿ ಅದೇ ರೀತಿ ಬೀಳುತ್ತದೆ.

ಮೇಲಿನ ತರಗತಿಯ ಮಕ್ಕಳಾಗಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗು. ಸ್ಟಾಪ್‌ವಾಚ್ ಹಿಡಿದು ಅಳೆಯಲಿ. ಒಂದೂವರೆ ಮೀಟರ್ ಎತ್ತರದಿಂದ ಚಂದ್ರನ ಮೇಲೆ ಬೀಳಲು ಹೆಚ್ಚುಕಮ್ಮಿ 1.4 ಸೆಕೆಂಡ್ ಬೇಕು. ಅದೇ ಎತ್ತರದಿಂದ ತರಗತಿಯಲ್ಲಿ ರಬ್ಬರ್ ಬಿಟ್ಟರೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿನ ಗುರುತ್ವ ಭೂಮಿಯ ಆರನೇ ಒಂದು ಭಾಗ ಎಂದು ಓದಿದವರು ಆರು ಪಟ್ಟು ಹೊತ್ತು ಬೇಕು ಎಂದೇ ಊಹಿಸುತ್ತಾರೆ. ಬಂದದ್ದು ಎರಡೂವರೆ ಪಟ್ಟಿನ ಆಸುಪಾಸು. ಏಕಿರಬಹುದು? ಇಲ್ಲಿಂದ ಆರರ ವರ್ಗಮೂಲದ ತನಕ ಮಕ್ಕಳೇ ನಿನ್ನನ್ನು ಎಳೆದುಕೊಂಡು ಹೋಗುತ್ತಾರೆ. ಒಂದು ನಿಮಿಷದ ವಿಡಿಯೊ ಇಡೀ ಪೀರಿಯಡ್ ತುಂಬುತ್ತದೆ, ತುಂಬಬೇಕು.

ಮೊದಲು ಊಹಿಸಿ ಆಮೇಲೆ ನೋಡುವುದರ ಬೆಲೆಯನ್ನೂ ಮಜೂರ್ ಅವರ ತಂಡವೇ ಅಳೆದಿದೆ. 2004ರ ಅವರ ಲೇಖನದಲ್ಲಿ, ಪ್ರಾತ್ಯಕ್ಷಿಕೆ ನೋಡದೇ ಇದ್ದವರಲ್ಲಿ ಶೇ. 22 ಮಂದಿ ಸರಿಯಾದ ಕಾರಣ ಕೊಟ್ಟರು. ಸುಮ್ಮನೆ ನೋಡಿದವರಲ್ಲಿ ಶೇ. 24. ಅಂದರೆ ನೋಡಿಯೂ ನೋಡದ ಹಾಗೆ. ಮೊದಲು ಊಹಿಸಿ ನೋಡಿದವರಲ್ಲಿ ಶೇ. 30. ಊಹೆಗೆ ಹಿಡಿದ ಹೆಚ್ಚಿನ ಹೊತ್ತು ಒಂದೆರಡು ನಿಮಿಷ. ಪಾಠ ಮುಗಿಸುವ ಅವಸರ ನಿನಗೆ ಇರುತ್ತದೆ, ಗೊತ್ತು. ಆದರೂ ಈ ಎರಡು ನಿಮಿಷ ಉಳಿಸಲು ಹೋಗಬೇಡ.

ವಿಡಿಯೊ ಉದ್ದವಿದ್ದರೆ ನಿಲ್ಲಿಸುತ್ತ ಹೋಗು. ಎಲ್ಲಿ ನಿಲ್ಲಿಸಬೇಕೆಂದು ಹಿಂದಿನ ದಿನವೇ ನೋಡಿ ನಿಮಿಷ-ಸೆಕೆಂಡ್ ಗುರುತು ಹಾಕಿಟ್ಟುಕೋ. ತರಗತಿಯಲ್ಲಿ ತೋಚಿದ ಕಡೆ ನಿಲ್ಲಿಸಿದರೆ ಅರ್ಧ ವಾಕ್ಯದಲ್ಲಿ ನಿಂತು ಎಲ್ಲರಿಗೂ ಕಿರಿಕಿರಿ. ಪುಸ್ತಕದಲ್ಲಿ ಅರ್ಥವಾಗದ ಸಾಲಿನ ಮೇಲೆ ಬೆರಳಿಟ್ಟು ಕೂರಬಹುದು, ವಿಡಿಯೊದಲ್ಲಿ ಆ ಸಾಲು ಓಡಿಹೋಗಿರುತ್ತದೆ. ಮಿಂಚು ಹೇಗೆ ಹುಟ್ಟುತ್ತದೆ ಎಂಬ 140 ಸೆಕೆಂಡಿನ ಅನಿಮೇಷನ್ ಒಂದನ್ನು ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ 16 ತುಂಡು ಮಾಡಿ, ಗುಂಡಿ ಒತ್ತಿದರೆ ಮಾತ್ರ ಮುಂದಿನದು ಬರುವಂತೆ ಇಟ್ಟಿದ್ದರು. ಚಿತ್ರವೂ ಅದೇ, ಮಾತೂ ಅದೇ. ತಮ್ಮ ಗತಿಯಲ್ಲಿ ನೋಡಿದವರು ಹೊಸ ಸಮಸ್ಯೆ ಬಿಡಿಸುವುದರಲ್ಲಿ ಮುಂದಿದ್ದರು.

ನಿಲ್ಲಿಸಿದಾಗ "ಯಾರಿಗಾದರೂ ಡೌಟ್ ಇದೆಯಾ?" ಎಂದು ಕೇಳಬೇಡ. ಆ ಪ್ರಶ್ನೆಗೆ ಯಾವ ತರಗತಿಯಲ್ಲೂ ಮೌನವೇ ಉತ್ತರ. ಈಗ ನೋಡಿದ್ದನ್ನು ತೆರೆ ನೋಡದೆ ಬರೆಯಿರಿ, ಅಥವಾ ಚಿತ್ರ ಬಿಡಿಸಿ ಬಾಣ ಹಾಕಿ ಎನ್ನು. ಕಾರ್ಲ್ ಸ್ಪುನಾರ್ ಮತ್ತು ಜೊತೆಗಾರರ 2013ರ ಪ್ರಯೋಗದಲ್ಲಿ 21 ನಿಮಿಷದ ಸಂಖ್ಯಾಶಾಸ್ತ್ರದ ವಿಡಿಯೊ ಪಾಠವನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ನಂತರ ಪುಟ್ಟ ಪರೀಕ್ಷೆ ಇಟ್ಟರು. ಮನಸ್ಸು ಎತ್ತಲೋ ಅಲೆಯುವುದು ಸುಮಾರು ಅರ್ಧಕ್ಕಿಳಿಯಿತು, ನೋಟ್ಸ್ ಹೆಚ್ಚಾಯಿತು, ಕಲಿಕೆಯೂ ಸುಧಾರಿಸಿತು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ನಡುನಡುವೆ ಪರೀಕ್ಷೆ ಕಂಡವರಿಗೆ ಕೊನೆಯ ಪರೀಕ್ಷೆಯ ಭಯ ಕಡಿಮೆಯಾಗಿತ್ತು. ಆದ್ದರಿಂದ ಇವುಗಳಿಗೆ ಅಂಕ ಹಾಕಬೇಡ. ಅಂಕ ಬಂದ ಕೂಡಲೇ ಪಕ್ಕದವರ ಪುಸ್ತಕ ಇಣುಕುವುದು ಶುರುವಾಗುತ್ತದೆ, ನಿನಗೆ ಬೇಕಾದ ಪ್ರಾಮಾಣಿಕ ತಪ್ಪು ಸಿಗುವುದಿಲ್ಲ.

ವಿಡಿಯೊ ಓಡುತ್ತಿರುವಾಗ ನೋಟ್ಸ್ ಬರೆಸುವ ಅಭ್ಯಾಸ ಇದ್ದರೆ ನಿಲ್ಲಿಸು. ಚಿಕ್ಕ ಮಕ್ಕಳಿಗೆ ಕೇಳುವುದು, ನೋಡುವುದು, ಬರೆಯುವುದು ಮೂರನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ. ನೋಡುವಾಗ ನೋಡಲಿ, ನಿಂತಾಗ ಬರೆಯಲಿ.

ಬರೆದಾದ ಮೇಲೆ ಇಬ್ಬಿಬ್ಬರಾಗಿ ಮಾತಾಡಲಿ. ಮಿಷೆಲಿನ್ ಚೀ ಅವರ ತಂಡ 2008ರಲ್ಲಿ ಒಂದು ಸ್ವಾರಸ್ಯದ ಸಂಗತಿ ಕಂಡಿತು. ಶಿಕ್ಷಕರು ಒಬ್ಬ ವಿದ್ಯಾರ್ಥಿಗೆ ಹೇಳಿಕೊಡುತ್ತಿರುವ ವಿಡಿಯೊವನ್ನು ಇಬ್ಬರು ಜೊತೆಯಾಗಿ, ಮಾತಾಡಿಕೊಳ್ಳುತ್ತ ಲೆಕ್ಕ ಬಿಡಿಸುತ್ತ ನೋಡಿದಾಗ, ಶಿಕ್ಷಕರ ಎದುರೇ ಕೂತು ಹೇಳಿಸಿಕೊಂಡವರಿಗೆ ಸಮನಾಗಿ ಕಲಿಯಬಲ್ಲವರಾಗಿದ್ದರು. ವಿಡಿಯೊದಲ್ಲಿ ತಪ್ಪುವ, ಕೇಳುವ, ತಿದ್ದಿಕೊಳ್ಳುವ ಒಬ್ಬ ವಿದ್ಯಾರ್ಥಿ ಇದ್ದರೆ ಒಳ್ಳೆಯದು ಎಂದು ನಾನು ನಂಬಿದ್ದೇನೆ. ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ: ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೊ ನೋಡಿದವರು "ಚೆನ್ನಾಗಿ ಅರ್ಥವಾಯಿತು" ಎಂದರು, ಅಂಕ ಮಾತ್ರ ಏರಲಿಲ್ಲ. ಸಾಮಾನ್ಯ ತಪ್ಪು ಕಲ್ಪನೆಗಳನ್ನು ಎದುರಿಟ್ಟು ಚರ್ಚಿಸುವ ವಿಡಿಯೊ ನೋಡಿದವರು "ಗೊಂದಲವಾಯಿತು" ಎಂದರು, ಅವರ ಅಂಕ ಏರಿತು. ಮಕ್ಕಳು ಗೊಂದಲವಾಯಿತು ಎಂದಾಗ ಕೈಬಿಡಬೇಡ, ಬಹಳ ಸಲ ಅಲ್ಲೇ ಯೋಚನೆ ಆರಂಭವಾಗಿರುತ್ತದೆ.

ಎರಡು ಮಾತು ಎಚ್ಚರಿಕೆಗೆ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30 ನೆನಪಿರುತ್ತದೆ ಎಂಬ ಪಿರಮಿಡ್ ಚಿತ್ರವನ್ನು ಯಾವುದಾದರೂ ತರಬೇತಿಯಲ್ಲಿ ತೋರಿಸಿದರೆ ನಂಬಬೇಡ. ಅದನ್ನು ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ ಹೆಸರಿಗೆ ಅಂಟಿಸುತ್ತಾರೆ, ಆದರೆ ಕಲಿಕೆಯ ಅನುಭವಗಳನ್ನು ಜೋಡಿಸಿ ಅವರು 1946ರಲ್ಲಿ ಬರೆದ ಶಂಕುವಿನಾಕಾರದ ಚಿತ್ರದಲ್ಲಿ ಯಾವ ಶೇಕಡಾ ಲೆಕ್ಕವೂ ಇರಲಿಲ್ಲ. ಹಾಗೆಯೇ "ವಿಡಿಯೊ 6 ನಿಮಿಷ ಮೀರಬಾರದು" ಎಂಬ ಮಾತು. ಅದು ಬಂದದ್ದು ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ್ದರಿಂದ. ಅವರು ಅಳೆದದ್ದು ಜನ ಎಷ್ಟು ಹೊತ್ತು ನೋಡಿದರು ಎಂಬುದನ್ನು, ಎಷ್ಟು ಕಲಿತರು ಎಂಬುದನ್ನಲ್ಲ. ಒಂಟಿಯಾಗಿ ಕೂತು ನೋಡುವವರಿಗೆ ಆ ಲೆಕ್ಕ ಉಪಯುಕ್ತ. ನಿನ್ನ ತರಗತಿಯಲ್ಲಿ ನೀನಿದ್ದೀಯ, ನಿಲ್ಲಿಸುವ ಗುಂಡಿ ನಿನ್ನ ಕೈಯಲ್ಲಿದೆ.

ಮನೆಯಲ್ಲಿ ನೋಡಿ ಬನ್ನಿ ಎಂದು ವಿಡಿಯೊ ಕಳಿಸುವುದಿದ್ದರೆ ಜೊತೆಗೆ ಒಂದು ಪ್ರಶ್ನೆ ಕಳಿಸು, ಉತ್ತರ ವಿಡಿಯೊದಲ್ಲಿ ನೇರವಾಗಿ ಸಿಗದಂಥದ್ದು. ಮರುದಿನ ತರಗತಿ ಆ ಪ್ರಶ್ನೆಯಿಂದಲೇ ತೆರೆಯಲಿ. ನೋಡಿಬರದವರಿಗಾಗಿ ನೀನು ಮತ್ತೆ ಪೂರ್ತಿ ಪಾಠ ಮಾಡಿದರೆ ಮುಂದಿನ ವಾರದಿಂದ ಯಾರೂ ನೋಡುವುದಿಲ್ಲ. ಮನೆಯಲ್ಲಿ ಫೋನ್ ಇಲ್ಲದ ಮಗು ಯಾವುದೆಂದು ಮಾತ್ರ ಮೊದಲೇ ತಿಳಿದುಕೋ, ಅದಕ್ಕೆ ಶಾಲೆಯಲ್ಲೇ ನೋಡಲು ಹೊತ್ತು ಮಾಡಿಕೊಡು. ಕಿವಿ ಮಂದವಿರುವ ಮಗುವಿಗೂ, ವಿಡಿಯೊದ ಭಾಷೆ ಹೊಸದಾದ ಮಗುವಿಗೂ ಕೆಳಗೆ ಅಕ್ಷರ ಬರುವಂತೆ ಹಾಕು.

ಇನ್ನು ಎರಡು ದಿನ ಬಿಟ್ಟು ಮರೆತಿದ್ದರು ಎಂದೆಯಲ್ಲ, ಆ ದಿನ ನೀನು ವಿಡಿಯೊವನ್ನು ಮತ್ತೆ ಹಾಕಿದೆಯಂತೆ. ಮುಂದಿನ ಸಲ ಹಾಕುವ ಮೊದಲು ಖಾಲಿ ಹಾಳೆ ಕೊಟ್ಟು ನೆನಪಿದ್ದಷ್ಟು ಬರೆಸು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪಠ್ಯದ ತುಣುಕುಗಳನ್ನು ಇಟ್ಟುಕೊಂಡು ನೋಡಿದಾಗ, 5 ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಮುಂದಾದರು. ಹಾಳೆಯಲ್ಲಿ ಮೂರೇ ಸಾಲು ಬಂದರೂ ಸರಿ, ನಾಲ್ಕನೆಯದಕ್ಕೆ ತಡಕಾಡುವಾಗಲೇ ನೆನಪು ಬಲಿಯುತ್ತದೆ. ಆಮೇಲೆ ಬಿಟ್ಟುಹೋದ ಭಾಗವನ್ನಷ್ಟೇ ತೋರಿಸು.

ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೊರಟು ದಣಿಯಬೇಡ. ಮೊದಲು ಸುತ್ತಿಗೆ-ಗರಿಯ ಪಾಠ ಒಂದನ್ನು ಮಾಡು. ಮಕ್ಕಳು ಬರೆದ ಊಹೆಗಳ ಫೋಟೊ ತೆಗೆದು ನನಗೆ ಕಳಿಸು, "ಏಕೆ" ಎಂಬ ಸಾಲೂ ಕಾಣುವ ಹಾಗೆ. ಯಾವ ತಪ್ಪು ಕಲ್ಪನೆ ಹೆಚ್ಚಿದೆ ನೋಡಿಕೊಂಡು ಎರಡನೆಯ ವಿಡಿಯೊ ಯಾವುದಿರಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಇಬ್ಬರೂ ಕೂತು ಗುರುತು ಮಾಡೋಣ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ