ತೇಲುತ್ತಿರುವಾಗಲೇ ಹಡಗಿನ ಹೊಣೆ ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ನದಿ, ಅಳಿವೆ, ಬಂದರುಗಳಲ್ಲಿ ಕೇಳುವವರಿಲ್ಲದೆ ಬಿದ್ದಿರುವ ಸರಕು ಹಡಗು, ಬಾರ್ಜ್ (ಚಪ್ಪಟೆ ತಳದ ಸರಕು ನೌಕೆ), ಟಗ್ (ಬೇರೆ ಹಡಗುಗಳನ್ನು ಎಳೆಯುವ ಚಿಕ್ಕ ನೌಕೆ) ಮತ್ತು ಮೀನುಗಾರಿಕಾ ನೌಕೆಗಳನ್ನು ತೆರವುಗೊಳಿಸಲು ಹಲವು ದೇಶಗಳ ಸರ್ಕಾರಗಳು ಈಗ ಹಣವನ್ನೂ ಕಾನೂನನ್ನೂ ಒದಗಿಸುತ್ತಿವೆ. ಇದು ಸ್ವಾಗತಾರ್ಹ. ಆದರೆ ಈ ಕೆಲಸ ಬಹುಪಾಲು ಹಡಗು ಮುಳುಗಿದ ಮೇಲೆ, ಇಲ್ಲವೇ ನೀರಿನ ಮೇಲೆ ಎಣ್ಣೆ ಹರಡಿದ ಮೇಲೆ ಶುರುವಾಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಎನ್ನುವ ಮಾತು ಈ ವಿಷಯಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಾರದು.

ಲಂಗರು ಹಾಕಿ ನಿಲ್ಲಿಸಿದ ಉಕ್ಕಿನ ಹಡಗು ತನ್ನಷ್ಟಕ್ಕೆ ತೇಲಿಕೊಂಡಿರುತ್ತದೆ ಎಂದು ದಡದಲ್ಲಿ ನಿಂತು ನೋಡುವವರಿಗೆ ಅನ್ನಿಸಬಹುದು. ವಾಸ್ತವ ಹಾಗಿಲ್ಲ. ಎಂಜಿನ್ ತಂಪು ಮಾಡಲು ಹೊರಗಿನ ನೀರನ್ನು ಒಳಗೆಳೆಯುವ ಕೊಳವೆಗಳ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತದೆ; ಪ್ರೊಪೆಲ್ಲರಿನ ದಂಡ ಹಡಗಿನ ಗೋಡೆಯನ್ನು ಹಾದು ಹೊರಬರುವ ಜಾಗದಲ್ಲಿ ಹನಿ ಹನಿಯಾಗಿ ನೀರು ಜಿನುಗುವುದೂ ಸಾಮಾನ್ಯ. ಹೀಗೆ ತಳದಲ್ಲಿ ಸೇರುವ ನೀರನ್ನು ಪಂಪು ಆಗಾಗ ಹೊರಗೆ ಹಾಕುತ್ತಿರುವವರೆಗೆ ಮಾತ್ರ ಹಡಗು ಕ್ಷೇಮ. ನೋಡಿಕೊಳ್ಳುವವರು ಹೋದ ಮೇಲೆ ಜನರೇಟರ್ ನಿಲ್ಲುತ್ತದೆ, ಬ್ಯಾಟರಿ ಸಾಯುತ್ತದೆ, ಪಂಪು ಸುಮ್ಮನಾಗುತ್ತದೆ. ಕಳ್ಳರು ಬಂದು ತಾಮ್ರದ ತಂತಿ, ಹಿತ್ತಾಳೆಯ ಕವಾಟಗಳನ್ನು ಕಿತ್ತೊಯ್ಯುತ್ತಾರೆ. ಮುಚ್ಚಳ ಮುರಿದ ಸರಕುಕೋಣೆಗೆ ಮಳೆನೀರು ತುಂಬುತ್ತದೆ. ಹಡಗು ತುಸುವೇ ಒಂದು ಬದಿಗೆ ವಾಲಿದರೂ ಸಾಕು, ಅಲ್ಲಿಯವರೆಗೆ ನೀರಿನಿಂದ ಮೇಲಿದ್ದ ತುಕ್ಕಿನ ತೂತು ನೀರಿನೊಳಗೆ ಹೋಗುತ್ತದೆ; ಅಲ್ಲಿಂದ ಮುಂದೆ ಮುಳುಗಲು ಒಂದು ರಾತ್ರಿ ಬೇಕಾಗುವುದಿಲ್ಲ. ಅಲ್ಲಿಯವರೆಗಿನ ತಿಂಗಳುಗಳಲ್ಲಿ ಯಾವ ದಿನವಾದರೂ ಒಂದು ಪಂಪನ್ನು ಇಳಿಸಿ, ಇಂಧನವನ್ನು ಖಾಲಿ ಮಾಡಿ, ಟಗ್ ಕಟ್ಟಿ ಎಳೆದೊಯ್ಯಬಹುದಿತ್ತು. ಮುಳುಗಿದ ಮೇಲೆ ಮುಳುಗುಗಾರರು, ದೊಡ್ಡ ಕ್ರೇನ್‌ಗಳು, ಎಣ್ಣೆ ತಡೆಯುವ ತೇಲುಬೇಲಿಗಳು ಇಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ 2012ರಲ್ಲಿ ನಡೆದದ್ದು ಇದೇ. 1947ರಲ್ಲಿ ಕಟ್ಟಿದ 'ಡೀಪ್ ಸೀ' ಎಂಬ ಏಡಿ ಹಿಡಿಯುವ ನೌಕೆಯನ್ನು ಒಬ್ಬರು ಗುಜರಿಗೆಂದು ಕೊಂಡು, ಅನುಮತಿಯಿಲ್ಲದೆ ಆ ಕೊಲ್ಲಿಯಲ್ಲಿ ಲಂಗರು ಹಾಕಿಸಿದ್ದರು. ಪಕ್ಕದಲ್ಲೇ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ಬೆಳೆಸುವ ತೇಲುತೆಪ್ಪಗಳಿದ್ದವು. ರಾಜ್ಯ ಸರ್ಕಾರಕ್ಕೆ ನೌಕೆ ಅಲ್ಲಿರುವುದು ಗೊತ್ತಿತ್ತು. ಅದು ಮಾಲೀಕರಿಗೆ ದಂಡವನ್ನೂ ಹಾಕತೊಡಗಿತ್ತು. ದಂಡದ ಕಾಗದ ಓಡಾಡುತ್ತಿರುವಾಗಲೇ ಮೇ ತಿಂಗಳಲ್ಲಿ ನೌಕೆಗೆ ಬೆಂಕಿ ಬಿದ್ದು, ಅದು ತಳ ಸೇರಿತು. ತೈಲ ಸೋರಿದ್ದರಿಂದ ಚಿಪ್ಪು ಬೆಳೆಗಾರರು ಕೊಯ್ಲು ನಿಲ್ಲಿಸಬೇಕಾಯಿತು. ನೌಕೆಯನ್ನು ಮೇಲೆತ್ತಿ ಸಾಗಿಸಿ ಒಡೆಯುವ ಹೊತ್ತಿಗೆ ರಾಜ್ಯ ಮತ್ತು ಕೇಂದ್ರ ಸಂಸ್ಥೆಗಳು ಸೇರಿ ಖರ್ಚು ಮಾಡಿದ್ದು 50 ಲಕ್ಷ ಡಾಲರ್‌ಗೂ ಹೆಚ್ಚು. ಅದರ ಹಿಂದಿನ ವರ್ಷವಷ್ಟೇ ಅದೇ ರಾಜ್ಯದ ಗಡಿಯ ಕೊಲಂಬಿಯಾ ನದಿಯಲ್ಲಿ, ಎರಡನೆಯ ಮಹಾಯುದ್ಧ ಕಾಲದ ಸರಕು ಹಡಗನ್ನು ಮಾರ್ಪಡಿಸಿದ 'ಡೇವಿ ಕ್ರಾಕೆಟ್' ಎಂಬ ಬಾರ್ಜ್ ಅಕ್ರಮವಾಗಿ ಒಡೆಯುವಾಗ ಸೋರಿ, ಅದರ ಸುತ್ತ ನದಿಯಲ್ಲೇ ಒಡ್ಡು ಕಟ್ಟಿ ತುಂಡು ತುಂಡಾಗಿ ಕತ್ತರಿಸಬೇಕಾಗಿ ಬಂದಿತ್ತು. ಅದಕ್ಕೆ ತಗುಲಿದ ವೆಚ್ಚ 2 ಕೋಟಿ ಡಾಲರ್ ದಾಟಿತು.

ಕೆನಡಾದ 'ಕ್ಯಾಥರಿನ್ ಸ್ಪಿರಿಟ್' ಸರಕು ಹಡಗಿನ ಕಥೆ ಇನ್ನೂ ನಿಧಾನದ್ದು. 2011ರಲ್ಲಿ ಒಡೆಯುವುದಕ್ಕೆಂದು ಸೇಂಟ್ ಲಾರೆನ್ಸ್ ನದಿಯ ಸೇಂಟ್ ಲೂಯಿ ಸರೋವರಕ್ಕೆ ಎಳೆದುತಂದ ಅದು, ಸ್ಥಳೀಯರ ವಿರೋಧ, ಕೈಬದಲಾವಣೆ, ಹೊಸ ಮಾಲೀಕ ಕಂಪನಿಯ ದಿವಾಳಿ ಇವುಗಳ ನಡುವೆ ಅಲ್ಲೇ ಉಳಿಯಿತು. 2016ರಲ್ಲಿ ವಾಲತೊಡಗಿದಾಗ ಸರ್ಕಾರ ಎಚ್ಚೆತ್ತಿತು. ಕೊನೆಗೆ ಸುತ್ತ ಕಟ್ಟೆ ಕಟ್ಟಿ ಇದ್ದಲ್ಲೇ ಒಡೆದು ಮುಗಿಸಿದ್ದು 2018ರಲ್ಲಿ. ಏಳು ವರ್ಷ ಒಂದು ಹಡಗು ಎಲ್ಲರ ಕಣ್ಣೆದುರೇ ಇತ್ತು, ಅದರ ಹೊಣೆ ಹೊರುವವರು ಮಾತ್ರ ಸಿಗಲಿಲ್ಲ. ಕೋಟಿಗಟ್ಟಲೆ ಡಾಲರ್ ತೆತ್ತದ್ದು ತೆರಿಗೆ ಕಟ್ಟುವ ಜನ.

ಮಾಲೀಕರು ಏಕೆ ಹೀಗೆ ಕೈಬಿಡುತ್ತಾರೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಹಡಗಿನ ಗುಜರಿ ಬೆಲೆಗಿಂತ ಬಂದರಿನ ಬಾಕಿ, ನಾವಿಕರ ಸಂಬಳ, ದುರಸ್ತಿ ವೆಚ್ಚ ಹೆಚ್ಚಾದ ದಿನವೇ ಅದು ಆಸ್ತಿಯಲ್ಲ, ಸಾಲ. ಒಂದೇ ಹಡಗನ್ನು ಹೊಂದಿರುವ ಕಂಪನಿಯ ಹೆಸರಿನಲ್ಲಿ, ಬೇರೆ ಯಾವುದೋ ದೇಶದ ಬಾವುಟದಡಿ ನೋಂದಣಿಯಾಗಿದ್ದರೆ, ಆ ಕಂಪನಿ ಬಾಗಿಲು ಹಾಕಿದ ಮೇಲೆ ನೋಟಿಸ್ ಅಂಟಿಸಲು ಬಾಗಿಲೂ ಇರುವುದಿಲ್ಲ. ಚಿಕ್ಕ ನೌಕೆಗಳ ವಿಷಯದಲ್ಲಿ ಇನ್ನೂ ಸರಳ: ಮುದಿ ಟಗ್ಗನ್ನು ಬಿಡಿಗಾಸಿಗೆ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಮಾರುತ್ತಾ ಹೋಗಿ, ಕಡೆಗೆ ಅದನ್ನು ಎಳೆದೊಯ್ಯುವ ಶಕ್ತಿಯೂ ಇಲ್ಲದವರ ಹೆಸರಿನಲ್ಲಿ ಅದು ನಿಲ್ಲುತ್ತದೆ. ಆ ಕೊನೆಯವರನ್ನು ಕೋರ್ಟಿಗೆ ಎಳೆದರೆ ತೀರ್ಪು ಸಿಗಬಹುದು, ಹಣ ಸಿಗುವುದಿಲ್ಲ.

ಅಂತರರಾಷ್ಟ್ರೀಯ ಕಾನೂನು ಇಲ್ಲವೆಂದಲ್ಲ. ಹಡಗು ಅವಶೇಷಗಳ ತೆರವಿಗಾಗಿ 2007ರಲ್ಲಿ ನೈರೋಬಿಯಲ್ಲಿ ಆದ ಒಪ್ಪಂದ 2015ರ ಏಪ್ರಿಲ್ 14ರಿಂದ ಜಾರಿಯಲ್ಲಿದೆ. 300 ಟನ್ ಮತ್ತು ಅದಕ್ಕೂ ಮೇಲ್ಪಟ್ಟ ಗಾತ್ರದ ಹಡಗುಗಳು ತೆರವಿನ ವೆಚ್ಚಕ್ಕೆ ವಿಮೆ ಇಟ್ಟುಕೊಂಡಿರಲೇಬೇಕು, ಸರ್ಕಾರ ನೇರವಾಗಿ ವಿಮಾ ಕಂಪನಿಯಿಂದಲೇ ಹಣ ಕೇಳಬಹುದು ಎಂಬುದು ಅದರ ದೊಡ್ಡ ಗುಣ. ಆದರೆ ಅದು ಮೂಲತಃ ಅನನ್ಯ ಆರ್ಥಿಕ ವಲಯಕ್ಕಾಗಿ, ಅಂದರೆ ದಡದಿಂದ ದೂರದಲ್ಲಿ ಕರಾವಳಿ ದೇಶಕ್ಕೆ ಸಂಪನ್ಮೂಲದ ಹಕ್ಕಿರುವ ಕಡಲ ಪಟ್ಟಿಗಾಗಿ ಬರೆದದ್ದು. ಒಳಗಿನ ನೀರಿಗೆ ವಿಸ್ತರಿಸಿಕೊಳ್ಳುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಅಪಘಾತದಿಂದಾದ ಅವಶೇಷಕ್ಕೆ ಅದು ಅನ್ವಯಿಸುತ್ತದೆಯೇ ಹೊರತು, ಲಂಗರಿನಲ್ಲೇ ಸುಮ್ಮನೆ ತುಕ್ಕು ಹಿಡಿಯುತ್ತಿರುವ ಹಡಗನ್ನು ಹಿಡಿಯಲು ಅದರಲ್ಲಿ ಸುಲಭದ ದಾರಿಯಿಲ್ಲ. ಇನ್ನು ನದಿಗಳಲ್ಲಿ ನಾವು ಕಾಣುವ ಎಷ್ಟೋ ಟಗ್, ಮೀನುಗಾರಿಕಾ ನೌಕೆಗಳು 300 ಟನ್‌ನ ಮಿತಿಯಿಂದ ಕೆಳಗೇ ಉಳಿದುಬಿಡುತ್ತವೆ.

ಹಡಗನ್ನು ಕೈಬಿಡುವಾಗ ಅದರ ಮೇಲಿದ್ದ ಮನುಷ್ಯರನ್ನೂ ಕೈಬಿಡುತ್ತಾರೆ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಸೂಯೆಜ್ ಬಳಿ 2017ರಲ್ಲಿ ತಡೆಹಿಡಿದ 'ಅಮಾನ್' ಎಂಬ ಹಡಗಿಗೆ ಅದರ ಸಿರಿಯನ್ ಅಧಿಕಾರಿಯೊಬ್ಬರನ್ನೇ ನ್ಯಾಯಾಲಯ ಕಾನೂನುಬದ್ಧ ಕಾವಲುಗಾರರನ್ನಾಗಿ ಮಾಡಿತು. ಉಳಿದವರು ಒಬ್ಬೊಬ್ಬರಾಗಿ ಮನೆಗೆ ಹೋದರು, ಅವರೊಬ್ಬರೇ ಉಳಿದರು. ಬಿರುಗಾಳಿಗೆ ಹಡಗು ಸರಿದು ದಡದ ಹತ್ತಿರ ನೆಲಕಚ್ಚಿದ ಮೇಲೆ, ಊಟ ತರಲು ಮತ್ತು ಫೋನ್ ಚಾರ್ಜ್ ಮಾಡಲು ಅವರು ಕೆಲವು ದಿನಗಳಿಗೊಮ್ಮೆ ಈಜಿ ದಡ ಸೇರುತ್ತಿದ್ದರು. ಅವರಿಗೆ ಬಿಡುಗಡೆ ಸಿಕ್ಕಿದ್ದು 2021ರ ಏಪ್ರಿಲ್‌ನಲ್ಲಿ. ಹಡಗಿನ ಹೊಣೆ ಮಾಲೀಕನಿಂದ ಜಾರಿ ಒಬ್ಬ ಸಂಬಳದ ನೌಕರನ ಕೊರಳಿಗೆ ಬಿದ್ದಾಗ ಆಗುವುದು ಇದು. ಬೈರೂತಿನಲ್ಲಿ 2013ರಲ್ಲಿ ನಿಂತು ಮುಂದೆ ಸಾಗದ 'ರೋಸಸ್' ಹಡಗನ್ನೂ ಇಲ್ಲಿ ನೆನೆಯಲೇಬೇಕು. ಅದು 2018ರಲ್ಲಿ ಬಂದರಿನಲ್ಲೇ ಮುಳುಗಿತು. ಅದರಿಂದ ಇಳಿಸಿ ಗೋದಾಮಿನಲ್ಲಿಟ್ಟಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ 2020ರ ಆಗಸ್ಟ್ 4ರಂದು ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು.

ನಾವಿಕರ ಮಟ್ಟಿಗೆ ಜಗತ್ತು ಒಂದು ಪಾಠ ಕಲಿತಿದೆ. ಕಡಲ ಕಾರ್ಮಿಕರ ಒಪ್ಪಂದಕ್ಕೆ ಬಂದ ತಿದ್ದುಪಡಿಯ ಪ್ರಕಾರ 2017ರ ಜನವರಿಯಿಂದ, ಮಾಲೀಕ ಕೈಬಿಟ್ಟರೂ ನಾವಿಕರನ್ನು ಮನೆಗೆ ಕಳಿಸುವ ಖರ್ಚು ಮತ್ತು ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೆ ಮುಂಚಿತವಾಗಿಯೇ ಹಣಕಾಸಿನ ಭದ್ರತೆ ಇರಬೇಕು. ಅದೇ ಏರ್ಪಾಟನ್ನು ಹಡಗಿನ ದೇಹಕ್ಕೂ ಏಕೆ ಮಾಡಬಾರದು? ವ್ಯಾಪಾರಕ್ಕೆ ಬಳಸುವ ಯಾವುದೇ ನೌಕೆ ನೋಂದಣಿಯಾಗುವಾಗಲೇ ಅದನ್ನು ಒಡೆಯುವ ಖರ್ಚಿಗೆ ವಿಮೆಯನ್ನೋ ಠೇವಣಿಯನ್ನೋ ತೋರಿಸಲಿ, ಅದು ಪ್ರತಿ ನವೀಕರಣದಲ್ಲೂ ಪರಿಶೀಲನೆಯಾಗಲಿ.

ಇದು ಆಗದ ಮಾತಲ್ಲ. 'ಡೀಪ್ ಸೀ' ಮುಳುಗಿದ ಮೇಲೆ ವಾಷಿಂಗ್ಟನ್ ರಾಜ್ಯ ತನ್ನ ಕಾನೂನನ್ನು ಬಿಗಿ ಮಾಡಿತು. 65 ಅಡಿಗಿಂತ ಉದ್ದ, 40 ವರ್ಷಕ್ಕಿಂತ ಹಳೆಯದಾದ ನೌಕೆಯನ್ನು ಮಾರುವ ಮೊದಲು ತಪಾಸಣೆ ಮಾಡಿಸಬೇಕು. ಕೊಳ್ಳುವವರ ಬಳಿ ವಿಮೆ ಇರಬೇಕು. ಇದನ್ನು ಮೀರಿ ಮಾರಿದರೆ ಮುಂದೆ ತೆರವಿನ ಖರ್ಚು ಮಾರಿದವರ ಮೇಲೂ ಬರುತ್ತದೆ. ನೌಕೆಗಳ ನೋಂದಣಿ ಶುಲ್ಕದಲ್ಲಿ ಒಂದು ಪಾಲು ತೆರವಿನ ನಿಧಿಗೆ ಹೋಗುತ್ತದೆ, ಚಿಕ್ಕ ದೋಣಿಗಳನ್ನು ಮಾಲೀಕರೇ ತಂದೊಪ್ಪಿಸುವ ವ್ಯವಸ್ಥೆಯೂ ಇದೆ. ಕೆನಡಾ 2019ರ ಕಾನೂನಿನಲ್ಲಿ ಹಡಗನ್ನು ತೊರೆಯುವುದನ್ನೇ ಅಪರಾಧ ಮಾಡಿ, ಶಿಥಿಲವಾದದ್ದನ್ನು ಅನುಮತಿಯಿಲ್ಲದೆ ಒಂದೇ ಕಡೆ 60 ದಿನಕ್ಕಿಂತ ಹೆಚ್ಚು ನಿಲ್ಲಿಸುವುದನ್ನು ನಿಷೇಧಿಸಿದೆ. ದಂಡಕ್ಕಿಂತ ಈ 60 ದಿನದ ಗೆರೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದು ಅಧಿಕಾರಿಗೆ ಹಡಗು ಇನ್ನೂ ತೇಲುತ್ತಿರುವಾಗ ಅದರ ಮೇಲೆ ಹತ್ತಿ ಕೇಳುವ ಹಕ್ಕು ಕೊಡುತ್ತದೆ.

ಹೊಸ ಶುಲ್ಕದಿಂದ ಒಂದೇ ನೌಕೆ ನಂಬಿ ಬದುಕುವ ಬಡ ಮಾಲೀಕರಿಗೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶುಲ್ಕವನ್ನು ಗಾತ್ರ ಮತ್ತು ವಯಸ್ಸಿಗೆ ತಕ್ಕಂತೆ ಏರಿಳಿಸಬಹುದು. ಆಯುಷ್ಯ ಮುಗಿದ ಚಿಕ್ಕ ನೌಕೆಯನ್ನು ತಾವಾಗಿಯೇ ತಂದೊಪ್ಪಿಸುವವರಿಂದ ಏನೂ ಕೇಳದೆ ಪಡೆದುಕೊಳ್ಳಬಹುದು. ಬಿಡುವ ಜಾಗವೇ ಇಲ್ಲದಿದ್ದರೆ ಪ್ರಾಮಾಣಿಕರೂ ಕತ್ತಲಲ್ಲಿ ಹಗ್ಗ ಬಿಚ್ಚಿ ಬಿಡುತ್ತಾರೆ.

ಇದಕ್ಕೆಲ್ಲ ಕಾನೂನು ತಿದ್ದುಪಡಿ ಬೇಕು, ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಹೊಸ ಕಾನೂನಿಲ್ಲದೆಯೇ ಮಾಡಬಹುದಾದ ಒಂದು ಕೆಲಸವಿದೆ. ಪ್ರತಿಯೊಂದು ಬಂದರು ಮತ್ತು ಜಲಮಾರ್ಗ ಪ್ರಾಧಿಕಾರ ತನ್ನ ನೀರಿನಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಕದಲದೆ ನಿಂತಿರುವ ನೌಕೆಗಳ ಪಟ್ಟಿಯನ್ನು, ನೋಂದಾಯಿತ ಮಾಲೀಕರ ಹೆಸರು, ವಿಮೆ ಇದೆಯೋ ಇಲ್ಲವೋ, ಒಳಗೆ ಉಳಿದಿರುವ ಇಂಧನ ಎಷ್ಟು, ಪಂಪನ್ನು ಕೊನೆಯದಾಗಿ ಓಡಿಸಿ ನೋಡಿದ ದಿನ ಯಾವುದು ಎಂಬ ವಿವರಗಳೊಂದಿಗೆ ಸಾರ್ವಜನಿಕರ ಮುಂದಿಡಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ತಮ್ಮ ಓದುಗ